ತರ್ಕದ ಪ್ರಶ್ನೆಗೆ ಹೆದರಬೇಕಾಗಿಲ್ಲ

(ಬೆಳ್ಮಣ್ಣಿನಲ್ಲಿ ಕಾರ್ಮಿಕ ಕುಟುಂಬಗಳೂ ಚಿಲ್ಲರೆ ವ್ಯಾಪಾರಸ್ಥರೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ. ಹಲವರ ಕೋರಿಕೆಯಂತೆ ಪೂರ್ಣಪಾಠವನ್ನು ಇಲ್ಲಿ ಕೊಟ್ಟಿದ್ದೇವೆ.)



ಇಂದಿನ ಸಭೆಯಲ್ಲಿ ಕೂಲಿಯ ವಿಷಯ ಮಾತಾಡುವುದಿಲ್ಲ, ದರದ ವಿಷಯವನ್ನೂ ಮಾತಾಡುವುದಿಲ್ಲ. ನಿಮ್ಮ ಮಕ್ಕಳು ಬರೆಯುವ ಪರೀಕ್ಷೆಯ ಒಂದು ಭಾಗದ ವಿಷಯ ಮಾತಾಡುತ್ತೇವೆ. ಇದಕ್ಕೂ ಸಭೆ ಬೇಕೇ ಎಂದು ಕೆಲವರು ಕೇಳಬಹುದು. ಬೇಕು, ಯಾಕೆಂದರೆ ಈ ಒಂದು ಭಾಗದಲ್ಲಿ ಎಡವಿ ನಮ್ಮ ಎಷ್ಟೋ ಮಕ್ಕಳು ಹಿಂದೆ ಉಳಿಯುತ್ತಾರೆ, ಮತ್ತು ಉಳಿದದ್ದು ತಮ್ಮ ಬುದ್ಧಿಯ ಕೊರತೆಯಿಂದ ಎಂದು ನಂಬಿ ಸುಮ್ಮನಾಗುತ್ತಾರೆ.

ಕೆಲವು ಸಮಯದ ಹಿಂದೆ ಬೀಡಿ ಕಟ್ಟುವ ಒಬ್ಬ ತಾಯಿ ನಮ್ಮಲ್ಲಿಗೆ ಬಂದರು. ಜತೆಯಲ್ಲಿ ಎಂಟನೆಯ ತರಗತಿಯ ಮಗಳು. ಹುಡುಗಿ ವಿದ್ಯಾರ್ಥಿವೇತನದ ಪರೀಕ್ಷೆ ಬರೆದಿದ್ದಳು. ಗಣಿತ, ವಿಜ್ಞಾನದಲ್ಲಿ ಚೆನ್ನಾಗಿ ಮಾಡಿ, ಬುದ್ಧಿಸಾಮರ್ಥ್ಯದ ಪತ್ರಿಕೆಯಲ್ಲಿ ಕೆಳಗೆ ಬಿದ್ದಿದ್ದಳು. ತಾಯಿ ಕೇಳಿದ ಮಾತು ಇದು: "ಮಾಸ್ಟ್ರೇ, ಪುಸ್ತಕದ್ದೆಲ್ಲಾ ಬರುತ್ತದೆ, ಬುದ್ಧಿಯದ್ದು ಬರುವುದಿಲ್ಲ. ಹಾಗಾದರೆ ನಮ್ಮ ಮಗಳಿಗೆ ಬುದ್ಧಿ ಇಲ್ಲವೆಂದೇ ಅರ್ಥವೋ?" ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

"ಇಲ್ಲ ಅಕ್ಕಾ, ಹಾಗೆ ಅರ್ಥವಲ್ಲ" ಎಂದು ಆ ದಿನ ಹೇಳಿ ಕಳಿಸಿದೆವು. ಆದರೆ ಬಾಯಿಮಾತಿನ ಸಮಾಧಾನ ಸಾಲದು. ಯಾಕೆ ಅಲ್ಲ ಎಂಬುದನ್ನು ತೋರಿಸಬೇಕು. ಆ ಕೆಲಸವನ್ನು ಈ ಸಂಜೆ ಮಾಡುತ್ತೇವೆ.

ಏನು ಪಣಕ್ಕಿದೆ?

ಮೊದಲು ಲೆಕ್ಕ ನೋಡೋಣ. ಆ ಹುಡುಗಿ ಬರೆದದ್ದು ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ. 2008ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಯೋಜನೆ ಇದು. ಸರಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಮಾತ್ರ. ಹೆತ್ತವರ ವಾರ್ಷಿಕ ವರಮಾನ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ಪಿ.ಯು.ಸಿ. ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಮೊದಲು 6,000 ಇದ್ದದ್ದನ್ನು 2017ರಲ್ಲಿ ಏರಿಸಿದರು. ನಾಲ್ಕು ವರ್ಷಕ್ಕೆ 48,000 ರೂಪಾಯಿ. ಹುಡುಗಿಯನ್ನು ಹತ್ತನೆಯ ತರಗತಿಗೆ ಬಿಡಿಸಿ ಸೂಪು ಕೈಗೆ ಕೊಡಬೇಕೋ, ಕಾಲೇಜಿಗೆ ಕಳಿಸಬೇಕೋ ಎಂದು ಯೋಚಿಸುವ ಮನೆಯಲ್ಲಿ ಈ ಹಣ ಸಣ್ಣದಲ್ಲ.

ಆ ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಪಾಠದ ವಿಷಯದ್ದು, ಇನ್ನೊಂದು ಬುದ್ಧಿಸಾಮರ್ಥ್ಯದ್ದು. ತಲಾ 90 ಪ್ರಶ್ನೆ, ತಲಾ 90 ನಿಮಿಷ. ಅಂದರೆ ಅರ್ಧದಷ್ಟು ಅಂಕ ಶಾಲೆಯಲ್ಲಿ ಪಾಠವಾಗಿ ಕಲಿಸದ ವಿಷಯಕ್ಕೆ. ನವೋದಯ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿಯೂ ಹೀಗೆಯೇ: 100 ಅಂಕಗಳಲ್ಲಿ 50 ಬುದ್ಧಿಸಾಮರ್ಥ್ಯಕ್ಕೆ.

ಮುಂದೆ ನೌಕರಿಯ ಪರೀಕ್ಷೆ. ನಮ್ಮ ಸೀಮೆ ಬ್ಯಾಂಕುಗಳ ತವರು ಎಂದು ಹೆಮ್ಮೆಪಡುತ್ತೇವೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು ಹುಟ್ಟಿದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಪಿಗ್ಮಿ ಎಂಬ ಹೆಸರಿನಲ್ಲಿ ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನದ ಚಿಲ್ಲರೆ ಹಣವನ್ನು ಸಂಗ್ರಹಿಸಿತು. ಇಲ್ಲಿ ಕೂತವರ ಅಜ್ಜಂದಿರ ಹಣವೂ ಅದರಲ್ಲಿ ಇದ್ದಿರಬೇಕು. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ಹೆಸರು ಹೋದರೂ ಶಾಖೆಗಳು ಇವೆ, ಕುರ್ಚಿಗಳು ಇವೆ. ಆ ಕುರ್ಚಿಯ ದಾರಿ ಈಗ ಪರೀಕ್ಷೆಯದ್ದು. 2011ರಿಂದ ಹೆಚ್ಚಿನ ಸರಕಾರಿ ಬ್ಯಾಂಕುಗಳಿಗೆ ಐ.ಬಿ.ಪಿ.ಎಸ್. ಎಂಬ ಸಂಸ್ಥೆ ಒಂದೇ ಸಾಮಾನ್ಯ ಪರೀಕ್ಷೆ ನಡೆಸುತ್ತದೆ. ಗುಮಾಸ್ತೆ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಿ 100 ಪ್ರಶ್ನೆ. ಅದರಲ್ಲಿ 35 ತರ್ಕದ್ದು. ಆ 35ಕ್ಕೆ ಕೊಟ್ಟ ಕಾಲ 20 ನಿಮಿಷ. ಭಾಗಿಸಿ ನೋಡಿ: ಒಂದಕ್ಕೆ 34 ಸೆಕೆಂಡು.

2021ರ ಸೆಪ್ಟೆಂಬರಿನಲ್ಲಿ ಹಣಕಾಸು ಸಚಿವಾಲಯವು ಈ ಗುಮಾಸ್ತೆ ಹುದ್ದೆಯ ಪ್ರಾಥಮಿಕ ಮತ್ತು ಮುಖ್ಯ ಪರೀಕ್ಷೆಗಳೆರಡನ್ನೂ ಇಂಗ್ಲಿಷ್, ಹಿಂದಿಗಳ ಜತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಹೇಳಿತು. ಕನ್ನಡ ಅವುಗಳಲ್ಲಿ ಒಂದು. ಬಾಗಿಲು ತೆರೆದಿದೆ, ಒಳಗೆ ಹೋಗುವ ಅಭ್ಯಾಸ ನಮಗೆ ಬೇಕು.

ತರ್ಕ ಪರಊರಿನ ವಿದ್ಯೆ ಅಲ್ಲ

ತರ್ಕವೆಂದರೆ ಪೇಟೆಯ ಮಕ್ಕಳ ಸೊತ್ತು, ತರಬೇತಿ ಕೇಂದ್ರದವರು ಮಾರುವ ಸರಕು ಎಂಬ ಭಾವನೆ ಇದೆ. ನಾವು ಕೇಳುತ್ತೇವೆ, ತಾಳಮದ್ದಳೆ ಕೇಳಿದವರು ಇಲ್ಲಿ ಯಾರಿಲ್ಲ? ವೇಷವಿಲ್ಲ, ಕುಣಿತವಿಲ್ಲ, ಬರಿಯ ಮಾತು. ಒಬ್ಬ ಅರ್ಥಧಾರಿ ಒಂದು ಮಾತು ಆಡುತ್ತಾನೆ, ಎದುರಿನವನು "ನೀನು ಆಗಲೇ ಹೀಗೆಂದೆ, ಈಗ ಹೀಗನ್ನುತ್ತೀಯೆ, ಎರಡೂ ಕೂಡಿ ನಿಲ್ಲುವುದು ಹೇಗೆ?" ಎಂದು ಹಿಡಿಯುತ್ತಾನೆ. ಆಗ ಸಭೆಯೆಲ್ಲ ತಲೆದೂಗುತ್ತದೆ. ತಲೆದೂಗಿದವರಲ್ಲಿ ಗಿರಣಿಯ ಕೂಲಿಯವರೂ ಇದ್ದಾರೆ, ಗೂಡಂಗಡಿಯವರೂ ಇದ್ದಾರೆ. ಮಾತಿನಲ್ಲಿ ಒಡಕು ಎಲ್ಲಿದೆ ಎಂದು ಕಂಡವನಿಗೆ ತರ್ಕ ಬಂತೆಂದೇ ಲೆಕ್ಕ. ಪರೀಕ್ಷೆಯಲ್ಲಿ ಬೇಕಾದದ್ದು ಅದೇ ಕಿವಿ. ಆದರೆ ಗಡಿಯಾರದ ಜತೆಗೆ.

ಒಂದು: ನಿಜ ಬೇರೆ, ಹೊಮ್ಮುವುದು ಬೇರೆ

ಆ ಹುಡುಗಿ ಎಡವಿದ ಪ್ರಶ್ನೆಯ ಬಗೆಯನ್ನೇ ಮೊದಲು ತೆಗೆದುಕೊಳ್ಳೋಣ. ಎರಡು ಹೇಳಿಕೆ ಕೊಡುತ್ತಾರೆ, ಕೆಳಗೆ ತೀರ್ಮಾನ ಕೊಡುತ್ತಾರೆ. ಹೊಮ್ಮುತ್ತದೋ ಇಲ್ಲವೋ ಹೇಳಬೇಕು.

"ಬೀಡಿ ಕಟ್ಟುವವರೆಲ್ಲರೂ ಕಾರ್ಮಿಕರು. ಕೆಲವು ಕಾರ್ಮಿಕರು ಹೆಂಗಸರು. ಆದುದರಿಂದ ಬೀಡಿ ಕಟ್ಟುವವರಲ್ಲಿ ಕೆಲವರು ಹೆಂಗಸರು." ಸರಿಯೋ, ತಪ್ಪೋ?

ಸರಿ ಎಂದು ಹಲವು ಕಂಠಗಳು ಕೇಳಿದವು. ಬೆಳ್ಮಣ್ಣಿನಲ್ಲಿ ಯಾರನ್ನು ಕೇಳಿದರೂ ಸರಿ ಎಂದೇ ಹೇಳಿಯಾರು, ಕಣ್ಣೆದುರು ಕಾಣುವ ಸಂಗತಿ ಅದು. ಆದರೆ ಪರೀಕ್ಷೆಯ ಉತ್ತರ: ಹೊಮ್ಮುವುದಿಲ್ಲ.

ಯಾಕೆ? ಅದೇ ಅಚ್ಚಿನಲ್ಲಿ ಬೇರೆ ಮಾತು ಸುರಿಯೋಣ. "ಹೆಂಚುಗಳೆಲ್ಲವೂ ಮಣ್ಣಿನ ವಸ್ತುಗಳು. ಕೆಲವು ಮಣ್ಣಿನ ವಸ್ತುಗಳು ಮಡಕೆಗಳು. ಆದುದರಿಂದ ಕೆಲವು ಹೆಂಚುಗಳು ಮಡಕೆಗಳು." ಈಗ ನಗುತ್ತೀರಿ. ಅಚ್ಚು ಒಂದೇ, ಒಂದು ಕಡೆ ತೀರ್ಮಾನ ಲೋಕದಲ್ಲಿ ನಿಜ, ಇನ್ನೊಂದು ಕಡೆ ಸುಳ್ಳು. ಹಾಗಾದರೆ ಆ ಅಚ್ಚನ್ನು ನಂಬುವಂತಿಲ್ಲ. ಬೀಡಿಯ ವಿಷಯ ನಮಗೆ ನಿಜವೆಂದು ಗೊತ್ತಿರುವುದು ಆ ಎರಡು ವಾಕ್ಯಗಳಿಂದಲ್ಲ, ಬೆಳ್ಮಣ್ಣಿನಿಂದ. ಪರೀಕ್ಷೆಯವನು ಬೆಳ್ಮಣ್ಣನ್ನು ಹೊರಗೆ ಇಟ್ಟು ಬಾ ಎನ್ನುತ್ತಾನೆ.

ತಿರುಗಿಸಿ ನೋಡಿ: "ಆನೆಗಳೆಲ್ಲವೂ ಮೀನುಗಳು. ಮೀನುಗಳೆಲ್ಲವೂ ತೆಂಗಿನಮರಗಳು. ಆದುದರಿಂದ ಆನೆಗಳೆಲ್ಲವೂ ತೆಂಗಿನಮರಗಳು." ಪೂರ್ತಿ ಹುಚ್ಚು ಮಾತು. ಆದರೆ ಪರೀಕ್ಷೆಯಲ್ಲಿ ಇದು ಸರಿ ಉತ್ತರ. ಕೊಟ್ಟ ಎರಡನ್ನು ಒಪ್ಪಿದ ಮೇಲೆ ಮೂರನೆಯದನ್ನು ಒಪ್ಪದೆ ಗತಿಯಿಲ್ಲ. ಸಾಲದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆ ಮೊತ್ತವನ್ನು ಒಪ್ಪಲೇಬೇಕಲ್ಲ, ಹಾಗೆ.

ಆ ಹುಡುಗಿಯ ತಪ್ಪು ಬುದ್ಧಿಯ ತಪ್ಪಲ್ಲ, ಆಟದ ನಿಯಮ ಗೊತ್ತಿರಲಿಲ್ಲ ಅಷ್ಟೇ. ಅವಳು ಲೋಕವನ್ನು ನೋಡಿ ಪ್ರಾಮಾಣಿಕವಾಗಿ ಉತ್ತರ ಬರೆದಿದ್ದಳು. ಪ್ರಶ್ನೆ ಕೇಳಿದ್ದು ಲೋಕವನ್ನಲ್ಲ.

ಇದನ್ನು ತಪ್ಪದೆ ಮಾಡುವ ಉಪಾಯ ಉಂಟು: ಬಳೆ ಬಿಡಿಸುವುದು. 1880ರಲ್ಲಿ ಜಾನ್ ವೆನ್ ಎಂಬ ಇಂಗ್ಲಿಷ್ ತರ್ಕಶಾಸ್ತ್ರಿ ವಿವರಿಸಿದ ಚಿತ್ರಗಳು ಇವು. ಅವನಿಗಿಂತ ಮೊದಲೂ ಬೇರೆಯವರು ಬಳೆಗಳನ್ನು ಉಪಯೋಗಿಸಿದ್ದರು. ಮಣ್ಣಿನ ವಸ್ತುಗಳಿಗೆ ಒಂದು ದೊಡ್ಡ ಬಳೆ. ಹೆಂಚೆಲ್ಲ ಮಣ್ಣಿನದಾದ್ದರಿಂದ ಅದರೊಳಗೆ ಹೆಂಚಿನ ಸಣ್ಣ ಬಳೆ. ಮಡಕೆಯ ಬಳೆ ದೊಡ್ಡ ಬಳೆಯನ್ನು ಸ್ವಲ್ಪ ಮುಟ್ಟಿಕೊಂಡು ಒಳಬರಬೇಕು. ಆದರೆ ಹೆಂಚಿನ ಬಳೆಯನ್ನು ಮುಟ್ಟಲೇಬೇಕೆಂಬ ಕಟ್ಟು ಇಲ್ಲ. ಮುಟ್ಟದೆಯೂ ಬಿಡಿಸಲು ಸಾಧ್ಯವಾದರೆ ತೀರ್ಮಾನ ಹೊಮ್ಮುವುದಿಲ್ಲ. ತೀರ್ಮಾನವನ್ನು ಸುಳ್ಳುಮಾಡುವ ಒಂದೇ ಒಂದು ಚಿತ್ರ ಸಿಕ್ಕಿದರೆ ಸಾಕು, ಅದನ್ನು ಹೊಡೆದುಹಾಕಬಹುದು.

ಇನ್ನೊಂದು ಎಚ್ಚರ, "ಕೆಲವು" ಎಂಬ ಮಾತಿನದ್ದು. "ಕೆಲವರು ಬಾಕಿ ಕೊಟ್ಟರು" ಎಂದು ಅಂಗಡಿಯವರು ಹೇಳಿದರೆ, ಉಳಿದವರು ಕೊಡಲಿಲ್ಲ ಎಂದು ನಾವು ತಿಳಿಯುತ್ತೇವೆ. ಪರೀಕ್ಷೆಯಲ್ಲಿ ಹಾಗಲ್ಲ. "ಕೆಲವು" ಎಂದರೆ ಕಡಿಮೆಯೆಂದರೂ ಒಂದು, ಎಲ್ಲವೂ ಆಗಿರಬಹುದು. ಈ ಒಂದು ಶಬ್ದದಿಂದ ಕಳೆದುಹೋದ ಅಂಕಗಳು ಬಹಳ.

ಎರಡು: ಹೊಗೆ ಮತ್ತು ಬೆಂಕಿ

ನಮ್ಮ ದೇಶದ ನ್ಯಾಯಶಾಸ್ತ್ರದವರ ಹಳೆಯ ದೃಷ್ಟಾಂತ ಒಂದು ಉಂಟು. ಗುಡ್ಡದಲ್ಲಿ ಹೊಗೆ ಕಾಣುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡಿಗೆಮನೆಯಲ್ಲಿ ಕಂಡಂತೆ. ಆದುದರಿಂದ ಗುಡ್ಡದಲ್ಲಿ ಬೆಂಕಿ ಇದೆ. ಇದು ಸರಿ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆಯೆ? ಇಲ್ಲವೆಂದು ಅವರೇ ಹೇಳಿದರು, ಕಾದು ಕೆಂಪಾದ ಕಬ್ಬಿಣದ ಗುಂಡನ್ನು ತೋರಿಸಿದರು. ಕಮ್ಮಾರಸಾಲೆಯಲ್ಲಿ ನಿಂತವರಿಗೆ ಇದು ಗೊತ್ತಿದೆ.

ಪರೀಕ್ಷೆಯ ಅರ್ಧ ಬಲೆಗಳು ಈ ತಿರುವುಮುರುವಿನಲ್ಲಿವೆ. "ಬಂದ್ ಇದ್ದರೆ ಅಂಗಡಿ ಮುಚ್ಚಿರುತ್ತದೆ" ಎಂಬ ಮಾತನ್ನು ಒಪ್ಪಿಕೊಳ್ಳಿ. ಇಂದು ಬಂದ್, ಅಂಗಡಿ ಮುಚ್ಚಿದೆ ಎನ್ನಬಹುದು. ಇಂದು ಅಂಗಡಿ ತೆರೆದಿದೆ; ಬಂದ್ ಇಲ್ಲ ಎನ್ನಬಹುದು. ಈ ಎರಡೇ ಗಟ್ಟಿ. ಅಂಗಡಿ ಮುಚ್ಚಿದೆ, ಆದ್ದರಿಂದ ಬಂದ್ ಎನ್ನುವಂತಿಲ್ಲ. ಯಜಮಾನರ ಮನೆಯಲ್ಲಿ ಮದುವೆ ಇದ್ದೀತು. ಬಂದ್ ಇಲ್ಲ, ಆದ್ದರಿಂದ ಅಂಗಡಿ ತೆರೆದಿದೆ ಎನ್ನುವಂತೆಯೂ ಇಲ್ಲ. ನಾಲ್ಕರಲ್ಲಿ ಎರಡು ಗಟ್ಟಿ, ಎರಡು ಟೊಳ್ಳು. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡ ಮಗು ಮತ್ತೆ ಮೋಸಹೋಗುವುದಿಲ್ಲ, ಪರೀಕ್ಷೆಯಲ್ಲಿಯೂ, ಚುನಾವಣೆಯ ಭಾಷಣದಲ್ಲಿಯೂ.

ಇದರ ತಮ್ಮನೊಬ್ಬ ಇದ್ದಾನೆ, "ಊಹೆ"ಯ ಪ್ರಶ್ನೆ. ಅಂಗಡಿಯಲ್ಲಿ ಫಲಕ: "ದಯವಿಟ್ಟು ಸಾಲ ಕೇಳಬೇಡಿ." ಫಲಕ ಹಾಕಿದವರ ಮನಸ್ಸಿನಲ್ಲಿ ಅಡಗಿದ ಊಹೆ ಯಾವುದು? ಒಂದು, ಕೆಲವರು ಸಾಲ ಕೇಳುವ ಸಂಭವ ಉಂಟು. ಎರಡು, ಸಾಲ ಕೊಟ್ಟ ಹಣ ಎಂದೂ ವಾಪಸು ಬರುವುದಿಲ್ಲ. ಮೊದಲನೆಯದು ಇಲ್ಲದಿದ್ದರೆ ಫಲಕವೇ ಬೇಡ, ಅದು ಅಡಗಿದೆ. ಎರಡನೆಯದು ಅಂಗಡಿಯವರ ಅನುಭವ ಇರಬಹುದು, ಆದರೆ ಫಲಕಕ್ಕೆ ಅಷ್ಟು ಬೇಕಾಗಿಲ್ಲ. "ಎಂದೂ", "ಎಲ್ಲರೂ", "ಮಾತ್ರ", "ಖಂಡಿತ" ಎಂಬ ಶಬ್ದಗಳನ್ನು ಕಂಡಲ್ಲಿ ಎರಡು ಸಲ ಓದಬೇಕು.

ಮೂರು: ದಿಕ್ಕು ನಮ್ಮದೇ

ದಿಕ್ಕಿನ ಪ್ರಶ್ನೆಗೆ ನಮ್ಮ ಮಕ್ಕಳು ಹೆದರುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಪಡುಬಿದ್ರಿಯ ಹೆಸರಿನಲ್ಲಿ ಪಡು ಇದೆ, ಮೂಡುಬಿದ್ರೆಯ ಹೆಸರಿನಲ್ಲಿ ಮೂಡು ಇದೆ. ಯಕ್ಷಗಾನದಲ್ಲಿ ತೆಂಕು, ಬಡಗು ಎಂದು ತಿಟ್ಟುಗಳನ್ನು ಹೇಳುತ್ತೇವೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ಕಡಲಿಗೆ ಮುಖಮಾಡಿ ನಿಂತರೆ ಬಲಗೈಗೆ ಬಡಗು, ಎಡಗೈಗೆ ತೆಂಕು. ಈ ಒಂದು ಚಿತ್ರ ತಲೆಯಲ್ಲಿದ್ದರೆ ಸಾಕು.

"ಒಬ್ಬನು ಮನೆಯಿಂದ ಪಶ್ಚಿಮಕ್ಕೆ 3 ಕಿ.ಮೀ. ನಡೆದು, ಬಲಕ್ಕೆ ತಿರುಗಿ 4 ಕಿ.ಮೀ. ನಡೆದ. ಮನೆಯಿಂದ ಎಷ್ಟು ದೂರ, ಯಾವ ದಿಕ್ಕು?" ಕಡಲಿಗೆ ಮುಖ, ಬಲಕ್ಕೆ ತಿರುಗಿದರೆ ಬಡಗು. ಪಶ್ಚಿಮಕ್ಕೆ 3, ಉತ್ತರಕ್ಕೆ 4. ನೇರ ಗೆರೆ ಎಳೆದರೆ 5. ದಿಕ್ಕು ವಾಯವ್ಯ. ಮೂರು, ನಾಲ್ಕು, ಐದರ ಈ ಲೆಕ್ಕವನ್ನು ಮನೆಗೆ ಪಾಯ ಹಾಕುವಾಗ ಮೂಲೆ ನೇರಮಾಡಲು ಉಪಯೋಗಿಸುವ ಮೇಸ್ತ್ರಿಗಳು ಇದ್ದಾರೆ.

ನೆರಳಿನ ಪ್ರಶ್ನೆಯೂ ಹೀಗೆಯೇ. ಬೆಳಗಿನ ಹೊತ್ತು ಒಬ್ಬನ ನೆರಳು ಅವನ ಎಡಕ್ಕೆ ಬಿದ್ದಿದೆ. ಅವನ ಮುಖ ಎತ್ತ? ಬೆಳಗ್ಗೆ ನೆರಳು ಕಡಲ ಕಡೆಗೆ. ಕಡಲು ಎಡಗಡೆ ಇರಬೇಕಾದರೆ ಮುಖ ಬಡಗಿಗೆ. ಆದರೆ ಕಾಗದದಲ್ಲಿ ನಾಲ್ಕು ಗೆರೆಯ ನಕ್ಷೆ ಹಾಕದೆ ಬಾಯಲ್ಲಿ ಲೆಕ್ಕ ಮಾಡುವ ಜಂಬ ಬೇಡ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣವೆಂಬ ಪುಸ್ತಕದ ಹೆಸರುಗಳೂ ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯಗಳೂ ಬಾಯಿಪಾಠವಾಗಿರಲಿ.

ನಾಲ್ಕು: ಸಂಬಂಧದ ಗಂಟು

"ಫೋಟೊ ತೋರಿಸಿ ಒಬ್ಬಾಕೆ ಹೇಳಿದಳು: ಇವನ ತಾಯಿ ನನ್ನ ತಾಯಿಗೆ ಒಬ್ಬಳೇ ಮಗಳು." ಒಬ್ಬಳೇ ಮಗಳೆಂದರೆ ಹೇಳುವವಳೇ. ಹಾಗಾದರೆ ಫೋಟೊದವನು ಅವಳ ಮಗ. ಇಂತಹ ಪ್ರಶ್ನೆಯನ್ನು ಬಾಲದಿಂದ ಬಿಡಿಸಬೇಕು: "ನನ್ನ" ಎಂಬಲ್ಲಿಂದ ಹೊರಟು ಹಿಂದಕ್ಕೆ ಬರಬೇಕು.

ಇಲ್ಲಿ ನಮ್ಮ ಸೀಮೆಯವರಿಗೆ ಒಂದು ತೊಡಕು, ಒಂದು ಅನುಕೂಲ ಎರಡೂ ಉಂಟು. ತಾಯಿಯ ಕಡೆಯಿಂದ ಕುಟುಂಬವನ್ನು ಎಣಿಸುವ ಅಳಿಯಸಂತಾನದ ನಾಡು ಇದು. ಯಾರು ಯಾರಿಗೆ ಏನು ಎಂಬುದನ್ನು ನಾಲ್ಕು ತಲೆಮಾರಿನವರೆಗೆ ಹೇಳುವ ಅಜ್ಜಿಯರು ಮನೆಮನೆಯಲ್ಲಿ ಇದ್ದಾರೆ. ಅದು ಅನುಕೂಲ. ತೊಡಕು ಶಬ್ದದ್ದು. ತಾಯಿಯ ಸೋದರ ಮಾವ, ಅತ್ತೆಯ ಗಂಡನೂ ಮಾವ, ಹೆಂಡತಿಯ ತಂದೆಯೂ ಮಾವ. ಅಕ್ಕನ ಮಗ ಅಳಿಯ, ಮಗಳ ಗಂಡನೂ ಅಳಿಯ. ಇಂಗ್ಲಿಷಿನಲ್ಲಿ ಬೇರೆ ಬಗೆಯ ಗೊಂದಲ: ಮಾವ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರೂ ಅಂಕಲ್, ಅಣ್ಣನೂ ತಮ್ಮನೂ ಒಂದೇ ಬ್ರದರ್. ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದಾಗ ಎರಡು ಗೊಂದಲವೂ ಸೇರುತ್ತವೆ. ಆದುದರಿಂದ ಹೆಸರನ್ನು ನಂಬದೆ ಗೆರೆಯನ್ನು ನಂಬಬೇಕು. ತಲೆಮಾರಿಗೆ ಮೇಲಿಂದ ಕೆಳಗೆ ಗೆರೆ, ಗಂಡಹೆಂಡಿರಿಗೆ ಜೋಡಿಗೆರೆ, ಒಡಹುಟ್ಟಿದವರಿಗೆ ಅಡ್ಡಗೆರೆ. ಗಂಡಿಗೆ ಕೂಡಿಸುವ ಗುರುತು, ಹೆಣ್ಣಿಗೆ ಕಳೆಯುವ ಗುರುತು. ಗುರುತು ಮಾತ್ರ ಅದು. ಕೂಡಿಸುವುದೂ ಕಳೆಯುವುದೂ ಮನೆಯಲ್ಲಿ ಹಾಗಿರಬೇಕಾಗಿಲ್ಲ.

ಮತ್ತೊಂದು: ಹೆಸರು ಕೇಳಿ ಗಂಡು, ಹೆಣ್ಣು ಎಂದು ತೀರ್ಮಾನಿಸಬಾರದು. ಪ್ರಶ್ನೆ ಹೇಳದಿದ್ದರೆ ಅದು ಗೊತ್ತಿಲ್ಲವೆಂದೇ ಲೆಕ್ಕ.

ಐದು: ಬೆಂಚಿನ ಮೇಲೆ ಐವರು

ಬ್ಯಾಂಕಿನ ಪರೀಕ್ಷೆಯಲ್ಲಿ ಬಹಳ ಅಂಕ ನುಂಗುವುದು ಕೂರಿಸುವ ಪ್ರಶ್ನೆ. ಒಂದು ಸಣ್ಣದನ್ನು ಬಿಡಿಸೋಣ.

ಬಸ್ ನಿಲ್ದಾಣದ ಬೆಂಚಿನಲ್ಲಿ ಉತ್ತರಕ್ಕೆ ಮುಖಮಾಡಿ ಐವರು: ದರ್ಜಿ, ಬಡಗಿ, ಹಮಾಲಿ, ಕಂಡಕ್ಟರ್, ಮೀನು ಮಾರುವಾಕೆ. ದರ್ಜಿ ಒಂದು ತುದಿಯಲ್ಲಿದ್ದಾನೆ. ಕಂಡಕ್ಟರ್ ಮೀನಿನಾಕೆಯ ಪಕ್ಕದಲ್ಲಿ. ಮೀನಿನಾಕೆ ಬಡಗಿಯ ಬಲಕ್ಕೆ ಒತ್ತಿ ಕೂತಿದ್ದಾಳೆ. ಬಡಗಿ ಸರಿಯಾಗಿ ನಡುವೆ. ಎಡದಿಂದ ಎರಡನೆಯವರು ಯಾರು?

ಹುಡುಗರು ಮೊದಲ ವಾಕ್ಯದಿಂದಲೇ ಹೊರಡುತ್ತಾರೆ. ದರ್ಜಿ ಯಾವ ತುದಿ? ಎಡವೋ, ಬಲವೋ? ಎರಡು ಚಿತ್ರ, ನಾಲ್ಕು ಚಿತ್ರ, ಅಷ್ಟರಲ್ಲಿ ಕಾಲ ಮುಗಿಯಿತು. ಹಾಗಲ್ಲ. ಮೊದಲು ಎಲ್ಲವನ್ನೂ ಓದಬೇಕು. ಅಲುಗಾಡದ ಮಾತು ಯಾವುದು ನೋಡಬೇಕು. ಇಲ್ಲಿ ಕೊನೆಯ ವಾಕ್ಯ: ಬಡಗಿ ನಡುವೆ, ಅಂದರೆ ಮೂರನೆಯವನು. ಅದಕ್ಕೆ ಕಟ್ಟಿಕೊಂಡದ್ದು: ಮೀನಿನಾಕೆ ನಾಲ್ಕನೆಯವಳು. ಕಂಡಕ್ಟರ್ ಅವಳ ಪಕ್ಕ. ಒಂದು ಪಕ್ಕದಲ್ಲಿ ಬಡಗಿ ಇದ್ದಾನೆ, ಆದುದರಿಂದ ಕಂಡಕ್ಟರ್ ಐದನೆಯವನು. ಬಲತುದಿ ತುಂಬಿತು, ದರ್ಜಿ ಎಡತುದಿ. ಉಳಿದ ಎರಡನೆಯ ಜಾಗ ಹಮಾಲಿಯದು. ಅವನ ಬಗ್ಗೆ ಪ್ರಶ್ನೆಯಲ್ಲಿ ಒಂದು ಮಾತೂ ಇಲ್ಲ. ಆದರೂ ಅವನಿಗೆ ಒಂದು ಜಾಗ ಉಂಟು, ಉತ್ತರವೂ ಅವನೇ.

ಗಿರಣಿಯಲ್ಲಿ ಯಂತ್ರ ಕೂರಿಸುವಾಗ ಮೊದಲು ಅಡಿಗಲ್ಲಿನ ಬೋಲ್ಟು, ಆಮೇಲೆ ಮೇಲಿನದ್ದು. ಇಲ್ಲಿಯೂ ಅದೇ ಕ್ರಮ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇವೆ. ಸಂಖ್ಯೆಗಳ ಸಾಲು ಕೊಟ್ಟರೆ ಮೊದಲು ಪಕ್ಕಪಕ್ಕದ ಅಂತರ ಬರೆಯಬೇಕು: 2, 6, 12, 20, 30 ಎಂದಿದ್ದರೆ ಅಂತರ 4, 6, 8, 10, ಮುಂದಿನದು 12, ಉತ್ತರ 42. ವಾರದ ಪ್ರಶ್ನೆಗೆ ಏಳರಿಂದ ಭಾಗಿಸಿ ಶೇಷ ನೋಡಬೇಕು: ಇಂದು ಸೋಮವಾರವಾದರೆ 100 ದಿನಗಳ ಮೇಲೆ, ಶೇಷ 2, ಬುಧವಾರ. ಸಂಕೇತಾಕ್ಷರದ ಪ್ರಶ್ನೆಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತವೆ. ಇ 5, ಜೆ 10, ಓ 15, ಟಿ 20, ವೈ 25 ಎಂಬ ಐದು ಮೈಲಿಗಲ್ಲು ಬಾಯಿಪಾಠವಿದ್ದರೆ ಉಳಿದವು ಹತ್ತಿರವೇ. ಎದುರಕ್ಷರಗಳ ಮೊತ್ತ ಯಾವಾಗಲೂ 27: ಡಿ ನಾಲ್ಕನೆಯದು, ಅದರ ಎದುರು 23ನೆಯದು, ಡಬ್ಲ್ಯು.

ಗಡಿಯಾರ ಮತ್ತು ದಂಡ

ಈಗ ನಮ್ಮದೇ ಸೋಲಿನ ಕಥೆ. ಮೆಟ್ರಿಕ್ ಮುಗಿಸಿ ನಾವೂ ಒಮ್ಮೆ ಸರಕಾರಿ ನೌಕರಿಯ ಪರೀಕ್ಷೆಗೆ ಕೂತಿದ್ದೆವು. ವೃತ್ತಾಕಾರದ ಮೇಜಿನ ಸುತ್ತ ಎಂಟು ಜನರನ್ನು ಕೂರಿಸುವ ಪ್ರಶ್ನೆ ಬಂತು. ಬಿಡಿಸಿಯೇ ತೀರಬೇಕೆಂಬ ಹಠ. ಅವರನ್ನು ಕೂರಿಸುವಷ್ಟರಲ್ಲಿ ಹದಿನೈದು ನಿಮಿಷ ಹೋಗಿತ್ತು; ಆಮೇಲೆ ಗಾಬರಿಯಲ್ಲಿ ಉಳಿದ ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದೆವು. ಎಂಟು ಜನರಿಗೆ ಜಾಗ ಸಿಕ್ಕಿತು, ನಮಗೆ ಸಿಗಲಿಲ್ಲ. ತಪ್ಪು ಪರೀಕ್ಷೆಯದ್ದಲ್ಲ, ನಮ್ಮದು.

ಕಣ್ಣುಮುಚ್ಚಿದ ಗುರುತಿನ ಲೆಕ್ಕ ಹೀಗೆ. ಬ್ಯಾಂಕಿನ ಪರೀಕ್ಷೆಯಲ್ಲಿ ಐದು ಆಯ್ಕೆ, ತಪ್ಪು ಉತ್ತರಕ್ಕೆ ಕಾಲು ಅಂಕ ದಂಡ. ಐದಕ್ಕೆ ಕುರುಡಾಗಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಬಂದದ್ದು ಒಂದು, ಹೋದದ್ದು ಒಂದು; ಲಾಭ ಸೊನ್ನೆ. ಆದರೆ ಐದರಲ್ಲಿ ಎರಡು ಆಯ್ಕೆ ಖಂಡಿತ ಅಲ್ಲವೆಂದು ತಳ್ಳಿ, ಮೂರರಲ್ಲಿ ಒಂದನ್ನು ಆರಿಸಿದರೆ? ಅಂತಹ ಆರು ಪ್ರಶ್ನೆಗಳಲ್ಲಿ ಸರಾಸರಿ ಎರಡು ಸರಿ, ನಾಲ್ಕು ತಪ್ಪು. ಎರಡು ಬಂತು, ಒಂದು ಹೋಯಿತು. ಒಂದು ಅಂಕ ಉಳಿಯಿತು. ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಎನ್.ಎಂ.ಎಂ.ಎಸ್.ನಲ್ಲಿ ದಂಡವಿಲ್ಲ; ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ನಿಯಮಗಳು ಬದಲಾಗುವುದುಂಟು, ಆಯಾ ವರ್ಷದ ಪ್ರಕಟಣೆ ಓದಿಯೇ ಹೋಗಬೇಕು.

ಕ್ರಮವಿಷ್ಟು: ಮೊದಲ ಸುತ್ತಿನಲ್ಲಿ ಸುಲಭದವು, ಎರಡನೆಯ ಸುತ್ತಿನಲ್ಲಿ ಕೂರಿಸುವವು. ಒಂದು ನಿಮಿಷದಲ್ಲಿ ಕೊನೆ ಕಾಣದ ಪ್ರಶ್ನೆಯನ್ನು ಬಿಟ್ಟು ಮುಂದೆ ನಡೆಯಬೇಕು. ಬಿಡುವುದೂ ಕಲಿಯಬೇಕಾದ ವಿದ್ಯೆಯೇ.

ಇದು ಬುದ್ಧಿಯ ಅಳತೆಯೇ?

ಕೊನೆಗೆ ಆ ತಾಯಿಯ ಪ್ರಶ್ನೆಗೆ ಬರುತ್ತೇವೆ. ಹುಟ್ಟುಬುದ್ಧಿಯನ್ನು ಅಳೆಯುತ್ತದೆಂದು ಹೇಳುವ ಪರೀಕ್ಷೆ ಅಭ್ಯಾಸದಿಂದ ಸುಧಾರಿಸುವುದಾದರೆ, ಅದು ಅಳೆದದ್ದು ಅಭ್ಯಾಸವನ್ನೂ ಅಲ್ಲವೇ? ದುಡ್ಡು ಕೊಟ್ಟು ತರಬೇತಿ ಪಡೆದವನಿಗೆ ಅಭ್ಯಾಸ ಹೆಚ್ಚು, ಕೊಡಲಾರದವನಿಗೆ ಕಡಿಮೆ. 2011ರಲ್ಲಿ ಕೇಂದ್ರ ಲೋಕಸೇವಾ ಆಯೋಗವು ನಾಗರಿಕ ಸೇವೆಯ ಪ್ರಾಥಮಿಕ ಪರೀಕ್ಷೆಗೆ ಇಂತಹ ಒಂದು ಪತ್ರಿಕೆ ಸೇರಿಸಿತು. ಹಳ್ಳಿಯಿಂದ, ದೇಶಭಾಷೆಗಳಲ್ಲಿ ಓದಿ ಬಂದವರು ತಮಗೆ ಅನ್ಯಾಯವಾಯಿತೆಂದು 2014ರಲ್ಲಿ ದಿಲ್ಲಿಯ ಬೀದಿಗಿಳಿದರು. ಆ ವರ್ಷ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳ ಅಂಕ ಎಣಿಸಲಿಲ್ಲ. 2015ರಿಂದ ಆ ಪತ್ರಿಕೆಯಲ್ಲಿ ಶೇಕಡಾ 33 ಬಂದರೆ ಸಾಕು ಎಂದಾಯಿತು. ಪರೀಕ್ಷೆಯ ರೀತಿಯನ್ನು ಪ್ರಶ್ನಿಸಬಹುದು, ಬದಲಾಯಿಸಲೂಬಹುದು ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಪರೀಕ್ಷೆಯೇ ಬೇಡವೆನ್ನುವವರಲ್ಲ ನಾವು. ದೊಡ್ಡವರ ಶಿಫಾರಸು ಪತ್ರಕ್ಕಿಂತ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಮೇಲು. ಆದರೆ ಓಟದ ಮೊದಲು ಎಲ್ಲರ ಕಾಲಿಗೂ ಸ್ವಲ್ಪ ಅಭ್ಯಾಸ ಸಿಗಬೇಕು. ಅದಕ್ಕೆ ಹೆಚ್ಚು ಖರ್ಚಿಲ್ಲ. ವಾರದಲ್ಲಿ ಎರಡು ಸಂಜೆ, ಒಂದು ಕೋಣೆ, ಒಂದು ಕರಿಹಲಗೆ, ಎಲ್ಲರಿಗೂ ಕಾಣುವ ಗಡಿಯಾರ, ಹಳೆಯ ಪ್ರಶ್ನೆಪತ್ರಿಕೆಗಳು. ಪಾಸಾದ ದೊಡ್ಡ ಹುಡುಗರು ಸಣ್ಣವರಿಗೆ ಹೇಳಿಕೊಡಲಿ. ತಪ್ಪಿದ ಪ್ರಶ್ನೆಗಳನ್ನು ಪ್ರತಿಯೊಂದು ಮಗುವೂ ಒಂದು ಪುಸ್ತಕದಲ್ಲಿ ಬರೆದಿಡಲಿ, ಯಾಕೆ ತಪ್ಪಿತು ಎಂಬ ಒಂದು ಸಾಲಿನ ಜತೆಗೆ. ಆ ಪುಸ್ತಕ ಯಾವ ತರಬೇತಿ ಕೇಂದ್ರದಲ್ಲಿಯೂ ಸಿಗುವುದಿಲ್ಲ.

ಆ ಹುಡುಗಿಯ ಎಂಟನೆಯ ತರಗತಿಯ ಪರೀಕ್ಷೆ ಮುಗಿದುಹೋಯಿತು. ಅದು ಮತ್ತೆ ಬರುವುದಿಲ್ಲ. ಈ ಮಾತನ್ನು ಮುಚ್ಚಿಡುವುದಿಲ್ಲ. ನಾವೆಲ್ಲ ಒಂದು ವರ್ಷ ತಡಮಾಡಿದೆವು, ಆ ತಡದ ಬೆಲೆಯನ್ನು ಅವಳು ಕೊಟ್ಟಳು. ಆದರೆ ಅವಳು ಈ ಸಂಜೆ ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಆನೆ, ತೆಂಗಿನಮರದ ಪ್ರಶ್ನೆ ಕೇಳಿದಾಗ "ಹೊಮ್ಮುತ್ತದೆ" ಎಂದು ಎಲ್ಲರಿಗಿಂತ ಮೊದಲು ಹೇಳಿದ ಧ್ವನಿ ಅವಳದು. ಮುಂದೆ ನಡೆಯುವ ಸಂಜೆಗಳಲ್ಲಿ ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಬಳೆ ಬಿಡಿಸುವುದನ್ನು ಹೇಳಿಕೊಡಲು ಒಪ್ಪಿದ್ದಾಳೆ.

ಅಕ್ಕಾ, ನಿಮ್ಮ ಪ್ರಶ್ನೆಗೆ ಈಗ ಸರಿಯಾದ ಉತ್ತರ ಹೇಳುತ್ತೇವೆ. "ಬುದ್ಧಿ ಇದ್ದು ಅಭ್ಯಾಸವೂ ಇದ್ದರೆ ಅಂಕ ಬರುತ್ತದೆ." ಅಂಕ ಬರಲಿಲ್ಲ. ಆದುದರಿಂದ ಬುದ್ಧಿ ಇಲ್ಲ ಎಂಬುದು ಹೊಮ್ಮುವುದಿಲ್ಲ. ಎರಡರಲ್ಲಿ ಒಂದು ಇರಲಿಲ್ಲ ಎಂದಷ್ಟೇ ಹೊಮ್ಮುತ್ತದೆ. ಯಾವುದು ಇರಲಿಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ಬರುವ ವಾರ ಕರಿಹಲಗೆ ತರಿಸುತ್ತೇವೆ. ಗಡಿಯಾರ ಕೊಡುವವರು ಯಾರೆಂದು ಅಂಗಡಿಯ ಬಂಧುಗಳು ಈಗಲೇ ಹೇಳಲಿ.